ಬದಲಿ ಟ್ಯೂನಿಂಗ್ ನಾಬ್: ಎರಡು ವರ್ಷದ ಬಳಕೆ, 0.35 ಮಿಲಿಮೀಟರಿನ ತಕರಾರು

ನನ್ನ ಟ್ರಾನ್ಸೀವರಿನಲ್ಲಿ, ಅಂದರೆ ಸಂದೇಶ ಕಳಿಸಲೂ ಕೇಳಲೂ ಬರುವ ಹವ್ಯಾಸಿ ರೇಡಿಯೊದಲ್ಲಿ, ಆವರ್ತನ ಬದಲಿಸಲು ತಿರುಗಿಸುವ ಮೂಲ ನಾಬಿನ ಸುತ್ತ ಒಂದು ರಬ್ಬರ್ ಪಟ್ಟಿಯಿತ್ತು. ಹಳತಾದಂತೆ ಅದು ಅಂಟಂಟಾಗಿ, ತಿರುಗಿಸಿದಾಗಲೆಲ್ಲ ಬೆರಳಿಗೆ ಕಪ್ಪು ಮೆತ್ತತೊಡಗಿತು. ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿದರೆ ನಾಲ್ಕು ದಿನ ಸುಮ್ಮನಿದ್ದು ಮತ್ತೆ ಅದೇ ಗೋಳು. ಹೊಸ ರೇಡಿಯೊ ಕೊಳ್ಳುವ ಶಕ್ತಿ ಇರಲಿಲ್ಲ. ಅಲ್ಯೂಮಿನಿಯಮಿನಲ್ಲಿ ಕಡೆದ ಬದಲಿ ನಾಬ್ ತರಿಸಿದೆ.

ಮೊದಲ ದಿನದ ಖುಷಿ ಇನ್ನೂ ನೆನಪಿದೆ. ಬೆಳಗಿನ ಜಾವ 40 ಮೀಟರ್ ಬ್ಯಾಂಡಿನಲ್ಲಿ 7.000 ಮೆಗಾಹರ್ಟ್ಸ್‌ನಿಂದ ಶುರುಮಾಡಿ ಮೋರ್ಸ್ ಸಂಕೇತ ಕೇಳುತ್ತಾ ಮೇಲೇರುವುದು ನನ್ನ ಅಭ್ಯಾಸ. ನಾಬಿನ ಕುಳಿಯಲ್ಲಿ ತೋರುಬೆರಳಿಟ್ಟು ಮೆಲ್ಲನೆ ಸುತ್ತುತ್ತಿದ್ದರೆ, ಗದ್ದಲದೊಳಗಿನಿಂದ ಕ್ಷೀಣವಾದ ಒಂದು ಸ್ವರ ಜಾರಿಬಂದು ನನಗೆ ಹಿತವಾದ 600 ಹರ್ಟ್ಸ್‌ನಲ್ಲಿ ನಿಲ್ಲುತ್ತದೆ. ಹಗುರವಾದ ಪ್ಲಾಸ್ಟಿಕ್ ನಾಬಿನಲ್ಲಿ ಆ ಜಾಗವನ್ನು ದಾಟಿ ಹೋಗಿ ಹಿಂದಿರುಗಬೇಕಿತ್ತು. ಈ ನಾಬಿನ ತೂಕವೇ ಕೈಯ ನಡುಕವನ್ನು ನುಂಗುತ್ತದೆ. ಬ್ಯಾಂಡ್ ಖಾಲಿಯಿದ್ದರೆ ಒಮ್ಮೆ ತಳ್ಳಿ ಬಿಟ್ಟರಾಯಿತು, ತನ್ನ ಓಟದಲ್ಲೇ ಒಂದಷ್ಟು ದೂರ ಸಾಗುತ್ತದೆ.

ಮೂರನೆಯ ವಾರ ಪಕ್ಕದಿಂದ ನೋಡಿದಾಗ ಎದೆ ಧಸಕ್ಕೆಂದಿತು. ನಾಬ್ ಓಲಾಡುತ್ತಿತ್ತು! ಕಾರಣ ಸರಳ. ನಾಬ್ ಕೂರುವ ನನ್ನ ರೇಡಿಯೊದ ಶಾಫ್ಟ್ (ಕಡ್ಡಿ) 6 ಮಿಲಿಮೀಟರ್. ನಾಬಿನ ರಂಧ್ರ ಕಾಲು ಇಂಚು, ಅಂದರೆ 6.35. ನಾಬನ್ನು ಶಾಫ್ಟಿಗೆ ಹಿಡಿದಿಡುವ ಪಕ್ಕದ ಸ್ಕ್ರೂ ಬಿಗಿಮಾಡಿದೊಡನೆ ಇಡೀ ನಾಬ್ ಒಂದು ಪಕ್ಕಕ್ಕೆ ಸರಿದು ಕೇಂದ್ರ ತಪ್ಪುತ್ತದೆ. ‘ಎಲ್ಲ ರೇಡಿಯೊಗಳಿಗೂ ಹೊಂದುತ್ತದೆ’ ಎಂದು ಬರೆದು ಮಾರುವವರು ಈ ಒಂದು ಅಳತೆಯನ್ನು ಮುಚ್ಚಿಡುವುದು ಅನ್ಯಾಯ. ಅದನ್ನು ಕಂಡ ಮೇಲೆ ಒಂದು ತಿಂಗಳು ನೆಮ್ಮದಿಯಿಂದ ಟ್ಯೂನ್ ಮಾಡಲು ನನ್ನಿಂದಾಗಲಿಲ್ಲ.

ಕೊನೆಗೆ 0.15 ಮಿಲಿಮೀಟರ್ ದಪ್ಪದ ಹಿತ್ತಾಳೆ ತಗಡಿನ ಪಟ್ಟಿಯನ್ನು ಶಾಫ್ಟಿಗೆ ಒಂದೇ ಸುತ್ತು ಸುತ್ತಿ, ಸ್ಕ್ರೂ ಬರುವಲ್ಲಿ ಸಂದು ಬಿಟ್ಟು ಕೂರಿಸಿದೆ. ಓಲಾಟ ಬಹುತೇಕ ಮಾಯ. ಸ್ಕ್ರೂ ಶಾಫ್ಟಿನ ಚಪ್ಪಟೆ ಮುಖಕ್ಕೇ ಒತ್ತಬೇಕು. ದುಂಡು ಭಾಗಕ್ಕೆ ಒತ್ತಿದರೆ ಗಾಯವಾಗಿ, ಮುಂದೆ ನಾಬ್ ಕಳಚಲು ಒದ್ದಾಡಬೇಕಾಗುತ್ತದೆ. ಅದಕ್ಕೆ 1.5 ಮಿಲಿಮೀಟರಿನ ಅಲೆನ್ ಕೀ ಸಡಿಲವಾಗಿ ಜಾರುತ್ತಿದ್ದರೆ ಬಲ ಹಾಕಬೇಡಿ, ಆ ಸ್ಕ್ರೂ ಇಂಚಿನ ಹದಿನಾರನೆಯ ಒಂದು ಭಾಗದ್ದಿರಬಹುದು. ಬಿಗಿಮಾಡುವಾಗ ನಾಬ್ ಮತ್ತು ಫಲಕದ ನಡುವೆ ವಿಸಿಟಿಂಗ್ ಕಾರ್ಡೊಂದನ್ನು ಇಟ್ಟು, ಆಮೇಲೆ ಎಳೆದುಬಿಡುತ್ತೇನೆ, ಎಲ್ಲೂ ಉಜ್ಜುವುದಿಲ್ಲ. ಹಲ್ಲುಗಳಿರುವ ಶಾಫ್ಟಿಗೆ ಮಾತ್ರ ಈ ನಾಬ್ ಬೇಡವೇ ಬೇಡ.

ಈಗ ಉಳಿದಿರುವುದು ಒಂದೇ ಕೊರತೆ. ಕುಳಿಯಿರುವ ಪಕ್ಕ ಹಗುರ, ಎದುರು ಪಕ್ಕ ಭಾರ. ಮೋರ್ಸ್ ಕೀ ಬಡಿಯುವಾಗ ಮೇಜು ಅದುರಿದರೆ ಭಾರದ ಪಕ್ಕ ತಾನಾಗಿ ಕೆಳಗಿಳಿದು, ಆವರ್ತನ 10–20 ಹರ್ಟ್ಸ್ ಸರಿಯುತ್ತದೆ. ಹಿಂಬದಿಗೆ ತೆಳುವಾದ ಫೆಲ್ಟ್ ಬಿಲ್ಲೆ ಇಟ್ಟ ಮೇಲೆ ಅದೂ ಅಪರೂಪವಾಗಿದೆ. ಆದರೂ ದೂರದ ನಿಲ್ದಾಣದೊಡನೆ ಮಾತಿಗಿಳಿಯುವ ಮುನ್ನ ಆವರ್ತನ ಕದಲದಂತೆ ತಡೆಯುವ ಡಯಲ್ ಲಾಕ್ ಒತ್ತಿಯೇ ಕೀ ಮುಟ್ಟುತ್ತೇನೆ.