ರಿಲ್ಯಾಕ್ಸರ್ ಆಗಿರುವ ಕೂದಲಿನ ಮೇಲೆ ಮತ್ತೆ ಕ್ರೀಮ್ ಎಳೆಯಲು ಬಿಡಬೇಡಿ

ಕೂದಲಿಗೆ ರಿಲ್ಯಾಕ್ಸರ್, ಅಂದರೆ ಗುಂಗುರು ಕೂದಲನ್ನು ನೇರ ಮಾಡುವ ಕೆಮಿಕಲ್ ಕ್ರೀಮ್, ಹಾಕಿಸಿಕೊಂಡವರು ಮುಂದಿನ ಟಚ್‌ಅಪ್‌ಗೆ ಹೋಗುವ ಮೊದಲೇ ಇದನ್ನು ಓದಿ. ಹೊಸದಾಗಿ ಬೆಳೆದ ಬುಡಕ್ಕೆ ಮಾತ್ರ ಹಚ್ಚಬೇಕಾದ ಕ್ರೀಮನ್ನು ತುದಿಯವರೆಗೂ ಎಳೆದರೆ ಏನಾಗುತ್ತದೆ ಅನ್ನುವುದನ್ನು ನಾನು ಅನುಭವಿಸಿದ್ದೇನೆ. ಅದಕ್ಕಿಂತ ಬೇಸರದ ಸಂಗತಿ ಏನೆಂದರೆ, ಆಮೇಲೆ ಸರಿಮಾಡುತ್ತೇವೆ ಅಂತ ಪಾರ್ಲರ್‌ನವರು ಮಾಡಿದ ಕೆಲಸದಿಂದ ಕೂದಲು ಇನ್ನಷ್ಟು ಹಾಳಾಯಿತು. ಎರಡಕ್ಕೂ ಕಾರಣ ಒಂದೇ. ಈ ಕೂದಲು ನೀರನ್ನು ಎಷ್ಟು ಹೀರುತ್ತಿದೆ, ಎಲ್ಲಿ ಜಾಸ್ತಿ ಹೀರುತ್ತಿದೆ ಅಂತ ಯಾರೂ ನೋಡಲೇ ಇಲ್ಲ. ಪೊರಾಸಿಟಿ ಅನ್ನುವುದು ಇದಕ್ಕೇ. ಕೆಮಿಕಲ್ ಬಿದ್ದ ಕೂದಲಿನಲ್ಲಿ ಮೊದಲು ನೋಡಬೇಕಾದದ್ದೂ ಇದನ್ನೇ.

ನಡೆದದ್ದು ಇಷ್ಟು. ಯಾವಾಗಲೂ ನನ್ನ ಕೂದಲು ನೋಡಿಕೊಳ್ಳುತ್ತಿದ್ದವರು ಆವತ್ತು ಬಂದಿರಲಿಲ್ಲ, ಅವರ ಜಾಗದಲ್ಲಿ ಬೇರೊಬ್ಬರಿದ್ದರು. ಬುಡದಲ್ಲಿ ಎರಡು ಬೆರಳಗಲ ಹೊಸ ಕೂದಲು ಗುಂಗುರಾಗಿ ಎದ್ದಿತ್ತು. ಅದಕ್ಕಷ್ಟೇ ಕ್ರೀಮ್ ಬೇಕಿತ್ತು. ಅವರು ಬುಡಕ್ಕೆ ಸರಿಯಾಗಿಯೇ ಹಚ್ಚಿದರು. ಆಮೇಲೆ ಬಾಚಣಿಗೆ ತಗೊಂಡು ಅದೇ ಕ್ರೀಮನ್ನು ಕೆಳಗೆ ಎಳೆಯಲು ಶುರುಮಾಡಿದರು. "ಮೊದಲೇ ಆಗಿರೋ ಕೂದಲಿಗೆ ಬೇಡ ಅಲ್ವಾ?" ಅಂತ ಕೇಳಿದೆ. "ಏನೂ ಆಗಲ್ಲ ಮೇಡಂ, ಎಲ್ಲಾ ಒಂದೇ ಥರ ಬರ್ಲಿ ಅಂತ ಸುಮ್ನೆ ಎಳೀತಿದೀನಿ. ಕೊನೇ ಎರಡು ನಿಮಿಷ ಅಷ್ಟೆ" ಅಂದರು. ಒಂದೇ ಸಲ ಶಾಂಪೂ ಹಾಕಿ ತೊಳೆದರು. ಕೂತಲ್ಲೇ ಬಣ್ಣವನ್ನೂ ಹಾಕಿಬಿಡೋಣ, ಇವತ್ತು ಚೆನ್ನಾಗಿ ಹಿಡಿಯುತ್ತದೆ ಅಂದರು. ಬಣ್ಣ ಹಾಕಿ, ಒಣಗಿಸಿ, ಐರನ್ ಎಳೆದ ಮೇಲೆ ಕೂದಲು ಫಳಫಳ ಹೊಳೆಯುತ್ತಿತ್ತು. ಆ ಹೊಳಪನ್ನು ನಂಬಬೇಡಿ. ಐರನ್ ಬಿಸಿಗೂ ಮೇಲೆ ಸವರಿದ ಸೀರಮ್‌ಗೂ ಎಂಥ ಕೂದಲಾದರೂ ಒಂದು ದಿನ ಹೊಳೆಯುತ್ತದೆ.

ಮನೆಯಲ್ಲಿ ಮೊದಲ ಸಲ ತಲೆ ತೊಳೆದಾಗ ನಿಜ ಗೊತ್ತಾಯಿತು. ನೀರು ಬಿದ್ದ ತಕ್ಷಣ ಕೂದಲು ಭಾರವಾಗಿ ಜೋತುಬಿತ್ತು. ಮುಟ್ಟಿದರೆ ಜಿಬಿಜಿಬಿ, ಒಳಗೆ ಗಟ್ಟಿತನವೇ ಇಲ್ಲ. ಭುಜದ ಹತ್ತಿರದ ಒಂದು ಎಳೆಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದೆ. ಉದ್ದವಾಯಿತು. ಬಿಟ್ಟರೆ ವಾಪಸ್ ಬರಲಿಲ್ಲ. ಎಳೆದಷ್ಟು ಜಾಗ ಸಣ್ಣಗಾಗಿ, ಬಿಳಿಚಿಕೊಂಡು ಹಾಗೇ ನಿಂತಿತು. ಇನ್ನು ಸ್ವಲ್ಪ ಎಳೆದೆ, ತುಂಡಾಯಿತು. ಬುಡದ ಕಡೆ ಅದೇ ರೀತಿ ಎಳೆದು ಬಿಟ್ಟರೆ ಕೂದಲು ಹಿಗ್ಗಿ ಮತ್ತೆ ಕುಗ್ಗುತ್ತಿತ್ತು. ಟವೆಲ್ ಬಿಚ್ಚಿದಾಗ ಅದರ ತುಂಬ ತುಂಡು ಕೂದಲು. ಬುಡಸಮೇತ ಉದುರಿದ್ದಾದರೆ ಒಂದು ತುದಿಯಲ್ಲಿ ಸಣ್ಣ ಬಿಳಿ ಗಂಟು ಕಾಣುತ್ತದೆ. ಇವುಗಳಲ್ಲಿ ಅದು ಇರಲಿಲ್ಲ. ಎಲ್ಲಾ ನಡುವಿನಲ್ಲೇ ಮುರಿದಿದ್ದವು. ನಿಮಗೆ ಕೂದಲು ಜಾಸ್ತಿ ಹೋಗುತ್ತಿದೆ ಅನ್ನಿಸಿದರೆ ಮೊದಲು ಈ ಗಂಟು ನೋಡಿ. ಉದುರುವುದಕ್ಕೂ ಮುರಿಯುವುದಕ್ಕೂ ಕಾರಣವೇ ಬೇರೆ, ಪರಿಹಾರವೂ ಬೇರೆ.

ಹೀಗೇಕಾಯಿತು? ಕೂದಲಿನ ಹೊರಗೆ ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ತೆಳುವಾದ ಪೊರೆಗಳಿವೆ. ಸಾಮಾನ್ಯವಾಗಿ 5ರಿಂದ 10 ಪದರ. ಎಲ್ಲಕ್ಕಿಂತ ಮೇಲೆ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಒಂದು ಕೊಬ್ಬಿನ ಲೇಪ. ನೀರನ್ನು ಹೊರಗೆ ತಡೆಯುವುದು ಇದೇ. ಒಳ್ಳೆಯ ಕೂದಲಿನ ಮೇಲೆ ನೀರು ಚಿಮುಕಿಸಿದರೆ ಸ್ವಲ್ಪ ಹೊತ್ತು ಹನಿಯಾಗಿ ನಿಲ್ಲುವುದು ಇದರಿಂದಲೇ. ಕೂದಲಿಗೆ ಹಿತವಾದ ಪಿಎಚ್ (ಆಮ್ಲ-ಕ್ಷಾರದ ಅಳತೆ) ಸುಮಾರು 4.5ರಿಂದ 5.5. ಸೋಡಿಯಂ ಹೈಡ್ರಾಕ್ಸೈಡ್ ಇರುವ ರಿಲ್ಯಾಕ್ಸರ್‌ನ ಪಿಎಚ್ 12ರ ಮೇಲೆ. ಪಿಎಚ್‌ನಲ್ಲಿ ಒಂದು ಅಂಕ ಏರಿದರೆ ಕ್ಷಾರದ ತೀವ್ರತೆ 10 ಪಟ್ಟು ಏರಿದಂತೆ, ಅದನ್ನು ಮರೆಯಬೇಡಿ. ಈ ಕ್ಷಾರ ಕೂದಲನ್ನು ಉಬ್ಬಿಸಿ, ಪೊರೆಗಳನ್ನು ಎಬ್ಬಿಸಿ, ಆ ಕೊಬ್ಬಿನ ಲೇಪವನ್ನು ತೆಗೆದುಹಾಕುತ್ತದೆ. ಒಳಗೆ ಹೋಗಿ ಕೂದಲಿಗೆ ಬಲ ಕೊಡುವ ಗಂಧಕದ ಬಂಧಗಳನ್ನು ಒಡೆಯುತ್ತದೆ. ಎರಡು ಗಂಧಕ ಪರಮಾಣುಗಳಲ್ಲಿ ಒಂದು ಹೊರಟುಹೋಗಿ ಲ್ಯಾಂಥಿಯೋನಿನ್ ಅನ್ನುವ ಬೇರೆಯೇ ಬಂಧ ಉಳಿಯುತ್ತದೆ. ಅದು ಮತ್ತೆ ಮೊದಲಿನಂತಾಗುವುದಿಲ್ಲ. ರಿಲ್ಯಾಕ್ಸರ್ ಶಾಶ್ವತ ಅನ್ನುವುದು ಇದಕ್ಕೇ.

ಅಂದರೆ ಎಷ್ಟೇ ಚೆನ್ನಾಗಿ ಮಾಡಿದರೂ ರಿಲ್ಯಾಕ್ಸರ್ ಆದ ಕೂದಲು ಮೊದಲಿಗಿಂತ ಜಾಸ್ತಿ ಹೀರುತ್ತದೆ. ಅದನ್ನು ಒಪ್ಪಿಕೊಂಡೇ ಮಾಡಿಸಿಕೊಳ್ಳುತ್ತೇವೆ. ತೊಂದರೆ ಇರುವುದು ಎರಡನೇ ಸಲ ಅದೇ ಜಾಗಕ್ಕೆ ಕ್ರೀಮ್ ಬಿದ್ದಾಗ. ಪೊರೆಗಳು ಮೊದಲೇ ಎದ್ದಿರುತ್ತವೆ, ತಡೆಯಲು ಕೊಬ್ಬೂ ಇರುವುದಿಲ್ಲ, ಕ್ರೀಮ್ ನೇರವಾಗಿ ಒಳಗೆ ನುಗ್ಗುತ್ತದೆ. ಹೊಸ ಕೂದಲಿನ ಮೇಲೆ ಎರಡು ನಿಮಿಷದಲ್ಲಿ ಆಗುವ ಕೆಲಸವೇ ಬೇರೆ, ಹಳೆಯದರ ಮೇಲೆ ಅದೇ ಎರಡು ನಿಮಿಷದಲ್ಲಿ ಆಗುವ ಹಾನಿಯೇ ಬೇರೆ. ಹಳೆಯ ಭಾಗಕ್ಕೆ ಪೆಟ್ರೋಲಿಯಂ ಜೆಲ್ಲಿಯನ್ನೋ ದಪ್ಪ ಕಂಡಿಷನರ್ ಅನ್ನೋ ಮೊದಲೇ ಹಚ್ಚಿಟ್ಟು ಕಾಪಾಡುವುದು ಪದ್ಧತಿ. ಕ್ರೀಮ್ ತೊಳೆಯುವಾಗ ಜಾರಿ ಬಂದರೂ ಅಂಟಬಾರದು ಅಂತ. ಇಲ್ಲಿ ಕಾಪಾಡುವುದು ಹಾಗಿರಲಿ, ಬಾಚಣಿಗೆಯಿಂದ ಎಳೆದೇ ಬಿಟ್ಟರು.

ಒಂದೇ ತಲೆಯಲ್ಲಿ ಕೂದಲು ಮೂರು ಥರ ಇರುತ್ತದೆ ಅನ್ನುವುದನ್ನು ದಯವಿಟ್ಟು ತಲೆಯಲ್ಲಿಟ್ಟುಕೊಳ್ಳಿ. ಕೂದಲು ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಬೆಳೆಯುತ್ತದೆ. 30 ಸೆಂಟಿಮೀಟರ್ ಉದ್ದದ ಕೂದಲಿನ ತುದಿಗೆ ಎರಡೂವರೆ ವರ್ಷ ವಯಸ್ಸು. ಅಷ್ಟು ದಿನದ ಬಿಸಿಲು, ಬಾಚಣಿಗೆ, ಐರನ್ ಎಲ್ಲವನ್ನೂ ಅದು ಕಂಡಿದೆ. ಬುಡ ಇನ್ನೂ ಹೊಸದು. ನಡು ಒಮ್ಮೆ ರಿಲ್ಯಾಕ್ಸರ್ ಕಂಡದ್ದು. ಮೂರಕ್ಕೂ ಒಂದೇ ಔಷಧ, ಒಂದೇ ಸಮಯ ಅಂತ ನಡೆಸುವವರ ಕೈಗೆ ತಲೆ ಕೊಡಬೇಡಿ.

ಬಣ್ಣದಲ್ಲಿ ಇದು ಎದ್ದು ಕಾಣುತ್ತದೆ. ನನ್ನ ತುದಿಗಳು ಬಣ್ಣವನ್ನು ಗಬಗಬನೆ ಹೀರಿ ಬುಡಕ್ಕಿಂತ ಕಪ್ಪಾದವು. ಆಮೇಲೆ ಪ್ರತಿ ಸಲ ತೊಳೆದಾಗಲೂ ಅಲ್ಲಿಂದಲೇ ಬಣ್ಣ ಹರಿದುಹೋಗಿ ತುದಿ ಮಾಸಲಾಯಿತು. ಬುಡದಲ್ಲಿ ಮಾತ್ರ ಹಾಗೇ ಉಳಿಯಿತು. ಹೀರುವುದೂ ಬೇಗ, ಬಿಡುವುದೂ ಬೇಗ. ಜಾಸ್ತಿ ಪೊರಾಸಿಟಿಯ ಗುರುತೇ ಅದು. ಪರ್ಮನೆಂಟ್ ಬಣ್ಣದಲ್ಲೂ ಕ್ಷಾರ ಮತ್ತು ಪೆರಾಕ್ಸೈಡ್ ಇರುತ್ತವೆ, ಅದೇ ದಿನ ಹಾಕಿದರೆ ಕೂದಲಿಗೆ ಒಂದರ ಹಿಂದೆ ಒಂದು ಏಟು. ಕಡಿಮೆ ಅಂದರೂ ಎರಡು ವಾರ ಬಿಡುವು ಇರಬೇಕು. ಬ್ಲೀಚ್ ಮಾತ್ರ ಬೇಡವೇ ಬೇಡ.

ದೂರು ಹೇಳಲು ಹೋದಾಗ "ಕೂದಲು ಒಣಗಿದೆ, ಸ್ಟೀಮ್ ಕೊಟ್ಟು ಸ್ಪಾ ಮಾಡೋಣ" ಅಂದರು. ಇದೇ ನನಗೆ ಅತಿ ಹೆಚ್ಚು ಸಿಟ್ಟು ತರಿಸಿದ್ದು. ಹಿಗ್ಗಿದರೆ ವಾಪಸ್ ಬಾರದ ಕೂದಲಿಗೆ ನೀರಿನ ಕೊರತೆ ಇರುವುದಿಲ್ಲ, ಒಳಗಿನ ಬಲ ಹೋಗಿರುತ್ತದೆ. ಒದ್ದೆಯಾದಾಗ ಒಳ್ಳೆಯ ಕೂದಲೇ ಸುಮಾರು 15 ಶೇಕಡಾ ದಪ್ಪವಾಗುತ್ತದೆ. ಹಾಳಾದದ್ದು ಅದಕ್ಕಿಂತ ಜಾಸ್ತಿ ಉಬ್ಬಿ, ಒಣಗಿದಾಗ ಮತ್ತೆ ಕುಗ್ಗುತ್ತದೆ. ಹೀಗೆ ಉಬ್ಬಿ ಕುಗ್ಗಿ ಪೊರೆಗಳು ಇನ್ನಷ್ಟು ಸಡಿಲವಾಗುತ್ತವೆ. ಸ್ಟೀಮ್ ಆದ ಮೇಲೆ ಇನ್ನೂ ಜಾಸ್ತಿ ಮುರಿಯಿತು. ಆಮೇಲೆ ಪ್ರೋಟೀನ್ ಅಂದರು, ಮೇಲಿಂದ ಮೇಲೆ ಕೊಟ್ಟರು. ಮೊದಲ ಸಲ ಕೂದಲಿಗೆ ಸ್ವಲ್ಪ ಗಟ್ಟಿತನ ಬಂತು. ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸದೆ ಹೋದಾಗ ಕೂದಲು ಪೊರಕೆ ಕಡ್ಡಿಯಾಯಿತು, ಬಗ್ಗಿಸಿದರೆ ಟಪ್ ಅಂತ ಮುರಿಯಿತು.

ಹಾಗಾಗಿ ಯಾರು ಏನೇ ಹೇಳಲಿ, ಮೊದಲು ಒದ್ದೆ ಕೂದಲಿನ ಒಂದು ಎಳೆ ಎಳೆದು ನೋಡಿ. ಹಿಗ್ಗಿ ಹಾಗೇ ಉಳಿದರೆ ಪ್ರೋಟೀನ್ ಬೇಕು. ಹಿಗ್ಗದೆ ಪಟ್ಟನೆ ಮುರಿದರೆ ಪ್ರೋಟೀನ್ ನಿಲ್ಲಿಸಿ ಮೆತ್ತಗಾಗಿಸುವ ಕಂಡಿಷನರ್ ಬೇಕು. ಬುಡ, ನಡು, ತುದಿ ಮೂರೂ ಕಡೆ ಬೇರೆಬೇರೆಯಾಗಿ ನೋಡಿ. ಇನ್ನೊಂದು ಗುರುತು ಒಣಗುವ ಹೊತ್ತು. ನೀರು ತಕ್ಷಣ ಹೀರಿ, ಬೇಗ ಒಣಗಿ, ಒಣಗಿದ ಮೇಲೆ ತರಕಲಾಗಿ ಸಿಕ್ಕಾಗುವ ಭಾಗವೇ ಜಾಸ್ತಿ ಹಾಳಾಗಿರುವುದು. ಲೋಟದ ನೀರಿನಲ್ಲಿ ಕೂದಲು ಹಾಕಿ ಮುಳುಗುತ್ತದೋ ತೇಲುತ್ತದೋ ನೋಡುವ ಪರೀಕ್ಷೆಯನ್ನು ನಾನು ನಂಬುವುದಿಲ್ಲ. ಕೂದಲಿನ ಮೇಲೆ ಸ್ವಲ್ಪ ಎಣ್ಣೆಯೋ ಸೀರಮ್ಮೋ ಇದ್ದರೆ ಎಂಥ ಹಾಳಾದ ಕೂದಲೂ ತೇಲುತ್ತದೆ.

ಹಾಳಾದದ್ದನ್ನು ಮತ್ತೆ ಹೊಸದು ಮಾಡಲು ಆಗುವುದಿಲ್ಲ. ಉಳಿದದ್ದನ್ನು ಮುರಿಯದಂತೆ ಕಾಯಬಹುದು ಅಷ್ಟೆ. ತಲೆ ತೊಳೆಯುವ ಮೊದಲು ತುದಿಗಳಿಗೆ ತೆಂಗಿನ ಎಣ್ಣೆ ಹಚ್ಚುವುದು ನನಗೆ ನಿಜಕ್ಕೂ ಉಪಯೋಗವಾಯಿತು. ಅದು ಕೂದಲ ಒಳಗೆ ಇಳಿದು ನೀರಿನಿಂದ ಉಬ್ಬುವುದನ್ನು ಕಡಿಮೆ ಮಾಡುತ್ತದೆ, ಪ್ರೋಟೀನ್ ತೊಳೆದುಹೋಗುವುದನ್ನೂ ತಡೆಯುತ್ತದೆ. ಮಿನರಲ್ ಆಯಿಲ್ ಹೀಗೆ ಒಳಗೆ ಇಳಿಯುವುದಿಲ್ಲ. ಪ್ರತಿ ತೊಳೆತದ ನಂತರ ಕಂಡಿಷನರ್ ಬಿಡಬೇಡಿ. ಅದರಲ್ಲಿರುವ ಧನ ವಿದ್ಯುದಂಶದ ಅಣುಗಳು ಹಾಳಾದ ಜಾಗಕ್ಕೇ ಹೆಚ್ಚು ಅಂಟಿಕೊಳ್ಳುತ್ತವೆ. ಅಡುಗೆ ಸೋಡಾ ಹಾಕಿ ತೊಳೆಯಿರಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಅದು ಮತ್ತೆ ಕ್ಷಾರವೇ. ಒದ್ದೆ ಕೂದಲಿಗೆ ಐರನ್ ಇಡಲೇಬಾರದು. ಜಾಸ್ತಿ ಹೀರುವ ಕೂದಲು ಮೇಲೆ ಒಣಗಿದಂತೆ ಕಂಡರೂ ಒಳಗೆ ನೀರು ಉಳಿದಿರಬಹುದು. ಆ ನೀರು ಆವಿಯಾಗಿ ಕೂದಲೊಳಗೇ ಗುಳ್ಳೆ ಎಬ್ಬಿಸುತ್ತದೆ, ಅಲ್ಲೇ ಮುರಿಯುತ್ತದೆ. ಬಾಚುವಾಗ ತುದಿಯಿಂದ ಶುರುಮಾಡಿ ಮೇಲಕ್ಕೆ ಹೋಗಿ. ಜಿಬಿಜಿಬಿ ಆದ ಭಾಗವನ್ನು ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತಾ ಬನ್ನಿ, ಉದ್ದದ ಆಸೆಗೆ ಇಟ್ಟುಕೊಂಡರೆ ಮುರಿತ ಮೇಲೆ ಏರುತ್ತದೆ.

ನೋ-ಲೈ, ಅಂದರೆ ಸೋಡಿಯಂ ಹೈಡ್ರಾಕ್ಸೈಡ್ ಇಲ್ಲದ ರಿಲ್ಯಾಕ್ಸರ್ ಹಾಕಿಸಿಕೊಳ್ಳುವವರಿಗೆ ಒಂದು ಮಾತು. ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಬೆರೆಸಿ ಮಾಡುವ ಬಗೆಯದು ಕೂದಲಿನ ಮೇಲೆ ಕ್ಯಾಲ್ಸಿಯಂ ಬಿಡುತ್ತದೆ. ಕೂದಲು ಒರಟಾಗಿ, ಮಂಕಾಗುತ್ತದೆ. ಎಷ್ಟು ಕಂಡಿಷನರ್ ಹಾಕಿದರೂ ಹೋಗುವುದಿಲ್ಲ. ಇದನ್ನು ಹಾನಿ ಅಂತ ತಿಳಿದು ಪ್ರೋಟೀನ್ ಸುರಿಯುವ ಮೊದಲು ಕ್ಯಾಲ್ಸಿಯಂ ಹಿಡಿದು ತೆಗೆಯುವ, ಇಡಿಟಿಎ ಇರುವ ಕೀಲೇಟಿಂಗ್ ಶಾಂಪೂ ಒಮ್ಮೆ ಹಾಕಿ ನೋಡಿ.

ಇನ್ನು ಪಾರ್ಲರ್‌ನಲ್ಲಿ ಕೂರುವ ಮೊದಲು. ಬುಡಕ್ಕೆ ಮಾತ್ರ ಹಚ್ಚುತ್ತೀರಾ, ಹಳೆಯ ಭಾಗಕ್ಕೆ ಏನು ಸವರಿ ಕಾಪಾಡುತ್ತೀರಿ ಅಂತ ಕೇಳಿ. ಕೊನೆಯ ಟಚ್‌ಅಪ್ ಆಗಿ ಕಡಿಮೆ ಅಂದರೂ ಎಂಟು ವಾರ ಆಗಿರಬೇಕು. ಬುಡ ಹಿಡಿಯುವಷ್ಟು ಬೆಳೆದಿರದಿದ್ದರೆ ಕ್ರೀಮ್ ಹಳೆಯದಕ್ಕೆ ತಾಗಿಯೇ ತಾಗುತ್ತದೆ. ತೊಳೆಯಲು ನ್ಯೂಟ್ರಲೈಸಿಂಗ್ ಶಾಂಪೂ, ಅಂದರೆ ಉಳಿದ ಕ್ಷಾರವನ್ನು ತಣಿಸುವ ಶಾಂಪೂ, ಇದೆಯಾ ನೋಡಿ. ಕೆಲವು ಬಗೆಯಲ್ಲಿ ಕ್ಷಾರ ಉಳಿದಿರುವವರೆಗೆ ನೊರೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆ ಬಣ್ಣ ಹೋಗಿ ಬಿಳಿ ನೊರೆ ಬರುವವರೆಗೆ ಮತ್ತೆ ಮತ್ತೆ ತೊಳೆಸಿಕೊಳ್ಳಿ. ಮುಖ್ಯವಾಗಿ, ಹಾಕುತ್ತಿರುವುದು ಹೈಡ್ರಾಕ್ಸೈಡೋ ಥಯೋಗ್ಲೈಕೋಲೇಟೋ ಅಂತ ಡಬ್ಬಿಯ ಮೇಲೆ ಓದಿ, ಬರೆದಿಟ್ಟುಕೊಳ್ಳಿ. ರೀಬಾಂಡಿಂಗ್‌ಗೆ ಬಳಸುವುದು ಸಾಮಾನ್ಯವಾಗಿ ಎರಡನೆಯದು. ಹೈಡ್ರಾಕ್ಸೈಡ್ ಕಂಡ ಕೂದಲಿನ ಮೇಲೆ ಥಯೋ ಬಿದ್ದರೂ, ಥಯೋ ಕಂಡದ್ದರ ಮೇಲೆ ಹೈಡ್ರಾಕ್ಸೈಡ್ ಬಿದ್ದರೂ ಕೂದಲು ಕೈಗೇ ಬರಬಹುದು. ಡಬ್ಬಿ ತೋರಿಸಲು ಒಪ್ಪದಿದ್ದರೆ ಅಲ್ಲಿಂದ ಎದ್ದು ಬನ್ನಿ.