ಸೋಂಕು ದಾಟಿದ್ದು ಯಾವತ್ತು: ಜ್ವರದ ದಿನ ಕೇಳಬೇಕೋ, ಭೇಟಿಯ ದಿನವೋ?

ಬೆಂಗಳೂರಿನ ವಾರ್ಡ್‌ಗಳಲ್ಲಿ ಸಂಪರ್ಕಿತರ, ಅಂದರೆ ಸೋಂಕಿತರನ್ನು ಭೇಟಿಯಾದವರ, ಪತ್ತೆಗೆ ಹೊರಟವರು ಇದನ್ನು ಮೊದಲೇ ತೀರ್ಮಾನಿಸಿಕೊಳ್ಳಬೇಕು.

ಜ್ವರದ ಲೆಕ್ಕ ಸುಲಭ. ಅಣ್ಣನಿಗೆ ಸೋಮವಾರ, ತಮ್ಮನಿಗೆ ಶುಕ್ರವಾರ. ಅಂತರ 4 ದಿನ. ಆದರೆ ಅದು ಸೋಂಕು ದಾಟಿದ ದಿನವಲ್ಲ. ಕೋವಿಡ್ ಲಕ್ಷಣ ಕಾಣುವ ಒಂದೆರಡು ದಿನ ಮೊದಲೇ ಹರಡುತ್ತಿತ್ತು. ಕೆಲವೊಮ್ಮೆ ಅಂಟಿಸಿಕೊಂಡವರಿಗೇ ಮೊದಲು ಜ್ವರ ಬರುತ್ತಿತ್ತು. ಆಗ ಯಾರಿಂದ ಯಾರಿಗೆ ಎಂಬುದೇ ತಲೆಕೆಳಗು.

ಭೇಟಿಯ ಲೆಕ್ಕಕ್ಕೆ ಶ್ರಮ ಹೆಚ್ಚು. ಮೆಜೆಸ್ಟಿಕ್ ಬಸ್ಸಿನಲ್ಲಿ ಪಕ್ಕ ಕೂತವರು ಯಾರಿಗೆ ನೆನಪು? ಒಂದೇ ಮನೆಯವರಾದರೆ ದಿನವೂ ಭೇಟಿಯೇ. ಮದುವೆ ಊಟದಂಥ ಒಂದೇ ದಿನದ ಭೇಟಿ ಸಿಕ್ಕರೆ ಮಾತ್ರ ಚಿನ್ನ. ಆದರೂ ನಾನು ಇದನ್ನೇ ಆರಿಸುತ್ತೇನೆ. ಸಂಪರ್ಕವನ್ನು ಎಷ್ಟು ಹಿಂದಿನಿಂದ ಕೇಳಬೇಕೆಂದು ಗೊತ್ತಾಗುವುದು ಇದರಿಂದಲೇ: ಕೋವಿಡ್‌ಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು, ಲಕ್ಷಣಕ್ಕೆ 2 ದಿನ ಮೊದಲಿನಿಂದ.