ಪಿರೇಯಸ್–ನಾಕ್ಸೊಸ್ ಹಡಗು: ರಜೆ ಕಡಿಮೆ ಇದ್ದವರಿಗೆ ನಿಧಾನದ ಸೇವೆಯೇ ಮೇಲು

ಒಂದು ವಾರದ ರಜೆ ಹಾಕಿ ಗ್ರೀಸಿಗೆ ಹೊರಟವರೆಲ್ಲರೂ ಮೊದಲು ಎದುರಿಸುವ ಪ್ರಶ್ನೆ ಒಂದೇ: ಅಥೆನ್ಸ್ ನಗರಕ್ಕೆ ಎಷ್ಟು ರಾತ್ರಿ, ಏಜಿಯನ್ ಸಮುದ್ರದ ದ್ವೀಪಕ್ಕೆ ಎಷ್ಟು ರಾತ್ರಿ? ಬಹುಪಾಲು ಜನ ನೋಡಬೇಕಾದ ಸ್ಥಳಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಈ ಲೆಕ್ಕ ಹಾಕುತ್ತಾರೆ. ಆದರೆ ಅಲ್ಲಿಗೆ ಹೋಗಿ ಬಂದ ಮೇಲೆ ತಿಳಿಯುವುದೇನೆಂದರೆ, ರಜೆಯನ್ನು ಹೇಗೆ ಹಂಚಬೇಕೆಂದು ತೀರ್ಮಾನಿಸುವುದು ಆ ಎರಡರ ನಡುವೆ ಓಡಾಡುವ ಹಡಗು. ಅದು ಎಷ್ಟು ಹೊತ್ತಿಗೆ ಹೊರಡುತ್ತದೆ, ಎಷ್ಟು ಗಾಳಿಯನ್ನು ತಾಳುತ್ತದೆ, ಅದರಲ್ಲಿ ಕಳೆಯುವ ಗಂಟೆಗಳು ರಜೆಯ ಖಾತೆಗೆ ಸೇರುತ್ತವೆಯೋ ಪ್ರಯಾಣದ ಖಾತೆಗೆ ಸೇರುತ್ತವೆಯೋ ಎಂಬುದರ ಮೇಲೆ ಉಳಿದೆಲ್ಲವೂ ನಿಂತಿದೆ. ಆದ್ದರಿಂದ ಅಥೆನ್ಸ್‌ಗೆ ಹೊಂದಿಕೊಂಡ ಪಿರೇಯಸ್ ಬಂದರಿನಿಂದ ಪಾರೊಸ್ ದ್ವೀಪದ ಮಾರ್ಗವಾಗಿ ನಾಕ್ಸೊಸ್ ದ್ವೀಪಕ್ಕೆ ಹೋಗುವ, ಕಾರು ಲಾರಿಗಳನ್ನೂ ಹೊಟ್ಟೆಯಲ್ಲಿ ತುಂಬಿಕೊಳ್ಳುವ ದೊಡ್ಡ ಹಡಗುಗಳ ಸೇವೆಯನ್ನು ಇಲ್ಲಿ ಪರಿಶೀಲಿಸಿದ್ದೇನೆ. ಈ ಮಾರ್ಗದಲ್ಲಿ ಒಂದಕ್ಕಿಂತ ಹೆಚ್ಚು ಕಂಪನಿಗಳಿವೆ. ನನ್ನ ಮಾತು ಯಾವುದೇ ಒಂದು ಕಂಪನಿಯ ಕುರಿತಾದುದಲ್ಲ, ಆ ಬಗೆಯ ಹಡಗಿನ ಕುರಿತಾದುದು.

ನಾಕ್ಸೊಸ್‌ಗೆ ತಲುಪಲು ಮೂರು ದಾರಿಗಳಿವೆ. ದೊಡ್ಡ ಹಡಗು ಸುಮಾರು ಐದೂಕಾಲು ಗಂಟೆ ತೆಗೆದುಕೊಳ್ಳುತ್ತದೆ. ವೇಗದ ಹಡಗುಗಳು, ಅಂದರೆ ಜೋಡಿ ಒಡಲಿನ ಕ್ಯಾಟಮರಾನ್‌ಗಳು, ಅದೇ ದೂರವನ್ನು ಮೂರೂವರೆಯಿಂದ ನಾಲ್ಕು ಗಂಟೆಗಳಲ್ಲಿ ದಾಟುತ್ತವೆ, ಆದರೆ ಟಿಕೆಟ್ಟಿನ ಬೆಲೆ ಸಾಕಷ್ಟು ಹೆಚ್ಚು. ವಿಮಾನವಾದರೆ ಆಕಾಶದಲ್ಲಿರುವುದು ಮುಕ್ಕಾಲು ಗಂಟೆಯಷ್ಟೇ. ಆದರೆ ನಾಕ್ಸೊಸ್‌ನ ರನ್‌ವೇ ಚಿಕ್ಕದಾದ್ದರಿಂದ ಅಲ್ಲಿ ಇಳಿಯುವುದು ಪಂಖದ ಸಣ್ಣ ವಿಮಾನಗಳು ಮಾತ್ರ, ಸೀಟುಗಳೂ ಕಡಿಮೆ. ಕಾಗದದ ಮೇಲೆ ನೋಡಿದರೆ ರಜೆ ಕಡಿಮೆ ಇದ್ದವರು ವಿಮಾನವನ್ನೋ ಕ್ಯಾಟಮರಾನನ್ನೋ ಹಿಡಿಯಬೇಕು ಎನ್ನಿಸುತ್ತದೆ. ನನ್ನ ಅಭಿಪ್ರಾಯ ಇದಕ್ಕೆ ತದ್ವಿರುದ್ಧ.

ವಿಮಾನದ ಲೆಕ್ಕವನ್ನು ಪೂರ್ತಿ ಬಿಡಿಸಿ ನೋಡೋಣ. ನಗರದ ನಡುಭಾಗದಿಂದ ವಿಮಾನ ನಿಲ್ದಾಣಕ್ಕೆ ಮೆಟ್ರೊದಲ್ಲಿ ಸುಮಾರು ನಲವತ್ತು ನಿಮಿಷ, ಅಲ್ಲಿ ತಪಾಸಣೆ ಮತ್ತು ಕಾಯುವಿಕೆಗೆ ಒಂದೂವರೆ ಗಂಟೆ, ಹಾರಾಟ, ಬಳಿಕ ಸಾಮಾನು ಪಡೆದು ಊರಿಗೆ ಬರುವ ಸಮಯ, ಇವೆಲ್ಲವನ್ನೂ ಕೂಡಿಸಿದಾಗ ದೊಡ್ಡ ಹಡಗಿನ ಎದುರು ಉಳಿಯುವುದು ಎರಡು ಗಂಟೆಯ ಆಸುಪಾಸು. ಕ್ಯಾಟಮರಾನ್‌ನಿಂದ ಉಳಿಯುವುದು ಇನ್ನೂ ಕಡಿಮೆ. ಇತ್ತ ದೊಡ್ಡ ಹಡಗು ಬೇಸಿಗೆಯಲ್ಲಿ ಪಿರೇಯಸ್‌ನಿಂದ ಬೆಳಗ್ಗೆ ಏಳೂವರೆಯ ಸುಮಾರಿಗೆ ಹೊರಟು ಮಧ್ಯಾಹ್ನ ಒಂದು ಗಂಟೆಯ ಒಳಗೆ ನಾಕ್ಸೊಸ್ ಬಂದರಿಗೆ ತಲುಪುತ್ತದೆ. ಜುಲೈ ತಿಂಗಳಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಎಂಟೂವರೆ ದಾಟಿದ ಮೇಲೆ. ಊಟ ಮುಗಿಸಿ, ಕೋಣೆಯಲ್ಲಿ ಚೀಲವಿಟ್ಟು, ಐದಾರು ಕಿಲೋಮೀಟರ್ ದೂರದ ಆಗಿಯೊಸ್ ಪ್ರೊಕೊಪಿಯೊಸ್ ಕಡಲತೀರಕ್ಕೆ ಬಸ್ಸು ಹಿಡಿದರೂ ಇನ್ನೂ ನಾಲ್ಕೈದು ಗಂಟೆ ಬೆಳಕು ಉಳಿದಿರುತ್ತದೆ. ಹೀಗಾಗಿ ಹಡಗಿನ ದಿನವನ್ನು ನಾನು ಕಳೆದುಹೋದ ದಿನವೆಂದು ಎಣಿಸುವುದಿಲ್ಲ. ಅದು ದ್ವೀಪದ ಅರ್ಧ ದಿನ.

ಅದಕ್ಕಿಂತ ಮುಖ್ಯವಾದ ಕಾರಣ ಗಾಳಿ. ಜುಲೈ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಏಜಿಯನ್ ಸಮುದ್ರದ ಮೇಲೆ ಉತ್ತರದಿಂದ ಮೆಲ್ಟೆಮಿ ಎಂಬ ಒಣಗಾಳಿ ಬೀಸುತ್ತದೆ. ಆಕಾಶದಲ್ಲಿ ಒಂದು ಮೋಡವೂ ಇಲ್ಲದ, ಚಿತ್ರದಂತಹ ದಿನದಲ್ಲಿಯೇ ಅದು ಅತಿ ಜೋರಾಗಿರುವುದುಂಟು; ಆದ್ದರಿಂದ ಬಿಸಿಲು ಚೆನ್ನಾಗಿದೆ, ಹಡಗು ಹೊರಟೇ ಹೊರಡುತ್ತದೆ ಎಂದು ನಂಬುವಂತಿಲ್ಲ. ಗಾಳಿಯ ಬಲವನ್ನು ಬ್ಯೂಫೋರ್ಟ್ ಮಾಪಕದಲ್ಲಿ ಅಳೆದು, ಅದು ಮಿತಿ ಮೀರುವ ಮುನ್ಸೂಚನೆ ಬಂದರೆ ಹಡಗುಗಳು ಬಂದರು ಬಿಡದಂತೆ ನಿಷೇಧ ಹೇರಲಾಗುತ್ತದೆ. ಈ ಮಿತಿ ಎಲ್ಲ ಹಡಗುಗಳಿಗೂ ಒಂದೇ ಅಲ್ಲ. ದೊಡ್ಡ ಹಡಗುಗಳನ್ನು ಸಾಮಾನ್ಯವಾಗಿ ಎಂಟರ ಬಲದ ಗಾಳಿಯ ಹೊತ್ತಿಗೆ ತಡೆದರೆ, ಹಗುರವಾದ ವೇಗದ ಹಡಗುಗಳನ್ನು ಅದಕ್ಕಿಂತ ಕಡಿಮೆ ಬಲದಲ್ಲಿಯೇ ನಿಲ್ಲಿಸುತ್ತಾರೆ. ಒಂದೂವರೆ ಗಂಟೆ ಉಳಿಸಲೆಂದು ದುಬಾರಿ ಟಿಕೆಟ್ ಕೊಂಡವರು ದಡದಲ್ಲಿ ನಿಂತಿರುವಾಗ ಪಕ್ಕದ ದೊಡ್ಡ ಹಡಗು ಹೊಗೆ ಬಿಡುತ್ತಾ ಹೊರಟು ಹೋಗುವುದು ಆ ಬಂದರಿನಲ್ಲಿ ಅಪರೂಪವೇನಲ್ಲ. ನಿಷೇಧ ಇಲ್ಲದ ದಿನವೂ ಕ್ಯಾಟಮರಾನ್‌ನ ಕುಲುಕಾಟ ಹೆಚ್ಚು. ಅದರಲ್ಲಿ ಪ್ರಯಾಣಿಕರು ಹೆಚ್ಚಾಗಿ ಮುಚ್ಚಿದ ಹಜಾರದಲ್ಲಿ ತಮ್ಮ ಸೀಟಿನಲ್ಲಿಯೇ ಕೂತಿರಬೇಕು. ಹೊಟ್ಟೆ ತೊಳಸುವವರಿಗೆ ಹೊರಗಿನ ಗಾಳಿಗೆ ಮುಖವೊಡ್ಡುವ ಅವಕಾಶ ಕಡಿಮೆ.

ದೊಡ್ಡ ಹಡಗಿನ ನಿಜವಾದ ಸುಖವಿರುವುದು ಅದರ ತೆರೆದ ಡೆಕ್ಕಿನಲ್ಲಿ. ಅತಿ ಅಗ್ಗದ ಎಕಾನಮಿ ಟಿಕೆಟ್ ಕೊಂಡವರೂ ಮೇಲಿನ ಡೆಕ್ಕುಗಳಲ್ಲಿ, ಒಳಗಿನ ಸಾರ್ವಜನಿಕ ಹಜಾರಗಳಲ್ಲಿ ಎಲ್ಲಿ ಬೇಕಾದರೂ ಕುಳಿತುಕೊಳ್ಳಬಹುದು. ತುಸು ಹೆಚ್ಚು ಕೊಟ್ಟರೆ ವಿಮಾನದಲ್ಲಿರುವಂತಹ ಸಂಖ್ಯೆ ಹಾಕಿದ ಸೀಟು ಸಿಗುತ್ತದೆ. ಬೇಸಿಗೆಯ ದಟ್ಟಣೆಯಲ್ಲಿ ಈ ಹೆಚ್ಚುವರಿ ಹಣ ಸಾರ್ಥಕವೆಂದು ನನಗೆ ತೋರುತ್ತದೆ, ಏಕೆಂದರೆ ಹಜಾರದ ಸೋಫಾಗಳನ್ನು ಮೊದಲು ಬಂದವರು ಮಲಗಿಯೇ ಹಿಡಿದಿರುತ್ತಾರೆ. ಬಂದರು ಹಿಂದೆ ಸರಿಯುವುದನ್ನು, ಒಂದೊಂದೇ ದ್ವೀಪ ಬರಿಯ ಕಂದು ಬೆಟ್ಟವಾಗಿ ಎದ್ದು ಬಿಳಿಯ ಮನೆಗಳಾಗಿ ಬಿಡಿಸಿಕೊಳ್ಳುವುದನ್ನು ನೋಡುತ್ತಾ ಕೂತವರಿಗೆ ನಗರ ಮತ್ತು ದ್ವೀಪದ ನಡುವಿನ ದೂರ ಅನುಭವಕ್ಕೆ ಬರುತ್ತದೆ. ಪಾರೊಸ್‌ನಲ್ಲಿ ಹಡಗು ಹಿಮ್ಮುಖವಾಗಿ ದಡಕ್ಕೆ ಬಂದು, ಹಿಂಬದಿಯ ಭಾರಿ ಬಾಗಿಲನ್ನು ಇಳಿಸಿ, ನೂರಾರು ಜನ ಮತ್ತು ಹತ್ತಾರು ವಾಹನಗಳನ್ನು ಕೆಲವೇ ನಿಮಿಷಗಳಲ್ಲಿ ಇಳಿಸಿ ಹತ್ತಿಸಿಕೊಂಡು ಹೊರಡುವ ಚಾಕಚಕ್ಯತೆಯಂತೂ ನೋಡಲೇಬೇಕಾದದ್ದು.

ಆ ಚಾಕಚಕ್ಯತೆಗೆ ಪ್ರಯಾಣಿಕರೂ ತಕ್ಕಂತೆ ನಡೆದುಕೊಳ್ಳಬೇಕಾಗುತ್ತದೆ ಎಂಬುದು ಇನ್ನೊಂದು ಮಾತು. ಹತ್ತುವುದು ವಾಹನಗಳ ಅಂತಸ್ತಿನ ಮೂಲಕ. ಅಲ್ಲಿ ದ್ವೀಪಗಳ ಹೆಸರು ಬರೆದ ಕಪಾಟುಗಳಲ್ಲಿ ದೊಡ್ಡ ಪೆಟ್ಟಿಗೆಗಳನ್ನು ಇಟ್ಟು ಮೇಲೆ ಹೋಗುವುದು ರೂಢಿ. ಯಾರೂ ರಶೀದಿ ಕೊಡುವುದಿಲ್ಲ, ಕಾವಲೂ ಇರುವುದಿಲ್ಲ. ಪಾಸ್‌ಪೋರ್ಟ್, ಹಣ, ಔಷಧಿಗಳು ಕೈಚೀಲದಲ್ಲಿಯೇ ಇರಲಿ. ಇಳಿಯುವ ಘೋಷಣೆ ಕೇಳಿದೊಡನೆ ಎಲ್ಲರೂ ಕೆಳಗಿಳಿದು, ಲಾರಿಗಳ ಎಂಜಿನ್ನಿನ ವಾಸನೆ ಮತ್ತು ಸೆಕೆಯ ನಡುವೆ ಬಾಗಿಲು ತೆರೆಯುವವರೆಗೆ ನಿಲ್ಲಬೇಕು. ವಯಸ್ಸಾದವರಿಗೆ, ಮಂಡಿನೋವಿನವರಿಗೆ ಈ ಹತ್ತು ನಿಮಿಷ ಕಷ್ಟದ್ದೇ. ಹಡಗಿನೊಳಗಿನ ಆಹಾರದ ಬಗ್ಗೆ ಹೆಚ್ಚು ಹೇಳುವಂತಹದ್ದಿಲ್ಲ: ಕಾಫಿ ಚೆನ್ನಾಗಿರುತ್ತದೆ, ಪಾಲಕ್ ಅಥವಾ ಚೀಸ್ ತುಂಬಿದ ಪದರದ ಕಡುಬು ಸಸ್ಯಾಹಾರಿಗಳ ಹೊಟ್ಟೆಗೆ ಸಾಕು, ಉಳಿದದ್ದಕ್ಕೆ ಕೊಟ್ಟ ಬೆಲೆ ಹೆಚ್ಚಾಯಿತೆನ್ನಿಸುತ್ತದೆ. ಒಳಗೆ ಹವಾನಿಯಂತ್ರಣದ ಚಳಿ, ಹೊರಗಿನ ಡೆಕ್ಕಿನಲ್ಲಿ ಸಿಗರೇಟಿನ ಹೊಗೆ. ಎರಡರಲ್ಲಿ ಯಾವುದನ್ನು ಸಹಿಸಬಲ್ಲಿರೋ ಅದನ್ನು ಆರಿಸಿಕೊಳ್ಳಬೇಕು.

ಬಂದರನ್ನು ತಲುಪುವುದು ಈಗ ಹಿಂದಿಗಿಂತ ಸುಲಭ. ಅಥೆನ್ಸ್ ಮೆಟ್ರೊದ ಮೂರನೆಯ ಮಾರ್ಗ 2022ರ ಅಕ್ಟೋಬರ್‌ನಲ್ಲಿ ಪಿರೇಯಸ್‌ವರೆಗೆ ವಿಸ್ತರಣೆಗೊಂಡ ಮೇಲೆ ವಿಮಾನ ನಿಲ್ದಾಣದಿಂದ ಬಂದರಿಗೆ ರೈಲು ಬದಲಿಸದೆ ಸುಮಾರು ಒಂದು ಗಂಟೆಯಲ್ಲಿ ಬರಬಹುದು. ಮೆಟ್ರೊ ಇಲ್ಲದ ವೇಳೆಗೆ ಎಕ್ಸ್ 96 ಎಂಬ ಬಸ್ಸು ಹಗಲಿರುಳೂ ಓಡುತ್ತದೆ. ಆದರೆ ಪಿರೇಯಸ್ ಬಂದರು ಬಹಳ ವಿಸ್ತಾರವಾದದ್ದು; ಇ1ರಿಂದ ಆರಂಭವಾಗುವ ದ್ವಾರಗಳು ಕೊಲ್ಲಿಯ ಸುತ್ತ ಹರಡಿಕೊಂಡಿವೆ, ಕೊನೆಯ ನಿಮಿಷದಲ್ಲಿ ತಪ್ಪು ದ್ವಾರಕ್ಕೆ ಬಂದವರಿಗೆ ಓಡಿದರೂ ಹಡಗು ಸಿಗಲಿಕ್ಕಿಲ್ಲ. ನಿಮ್ಮ ಹಡಗು ನಿಲ್ಲುವ ದ್ವಾರದ ಸಂಖ್ಯೆಯನ್ನು ಹಿಂದಿನ ದಿನವೇ ಖಚಿತಪಡಿಸಿಕೊಂಡು, ಹೊರಡುವುದಕ್ಕೆ ಮುಕ್ಕಾಲು ಗಂಟೆ ಮುಂಚೆ ಅಲ್ಲಿರುವುದು ಒಳಿತು.

ಇನ್ನು ಹಂಚಿಕೆಯ ಮಾತು. ಮೊದಲು ಎರಡು ದಿನ ನಗರ, ಬಳಿಕ ದ್ವೀಪ, ಕೊನೆಯ ದಿನ ದ್ವೀಪದಿಂದ ನೇರವಾಗಿ ವಿಮಾನ ನಿಲ್ದಾಣ ಎಂಬ ಯೋಜನೆಯನ್ನು ಅನೇಕರು ಹಾಕುತ್ತಾರೆ. ಆಯಾಸ ಕಳೆದು ಮನೆಗೆ ಮರಳಬೇಕೆಂಬ ಆಸೆ ಅರ್ಥವಾಗುವಂತಹದ್ದೇ. ಆದರೆ ಹಿಂದಿರುಗುವ ಅಂತಾರಾಷ್ಟ್ರೀಯ ವಿಮಾನವನ್ನು ಮೆಲ್ಟೆಮಿಯ ಕೃಪೆಗೆ ಒಪ್ಪಿಸುವುದು ಎರಡು ದೋಣಿಗಳ ಮೇಲೆ ಕಾಲಿಟ್ಟು ನಿಂತಂತೆ. ಗಾಳಿಯಷ್ಟೇ ಅಲ್ಲ, ಗ್ರೀಸಿನಲ್ಲಿ ಸಾರ್ವತ್ರಿಕ ಮುಷ್ಕರದ ದಿನ ನಾವಿಕರೂ ಕೆಲಸ ನಿಲ್ಲಿಸುವುದುಂಟು, ಆಗ ಹಡಗುಗಳು ಇಪ್ಪತ್ನಾಲ್ಕು ಗಂಟೆ ಕಟ್ಟಿಹಾಕಿದಲ್ಲಿಯೇ ಇರುತ್ತವೆ. ಯುರೋಪಿಯನ್ ಒಕ್ಕೂಟದ 1177/2010 ಸಂಖ್ಯೆಯ ನಿಯಮದ ಪ್ರಕಾರ ಹಡಗು ರದ್ದಾದರೆ ಅಥವಾ ಹೊರಡುವುದು ತೊಂಬತ್ತು ನಿಮಿಷಕ್ಕಿಂತ ತಡವಾದರೆ ಪ್ರಯಾಣಿಕರು ಟಿಕೆಟ್ಟಿನ ಹಣವನ್ನು ಹಿಂದೆ ಪಡೆಯಬಹುದು, ಇಲ್ಲವೇ ಬೇರೆ ಹಡಗಿನಲ್ಲಿ ಸ್ಥಳ ಕೇಳಬಹುದು. ಹವಾಮಾನ ಅಪಾಯಕಾರಿಯಾಗಿ ರದ್ದಾದಾಗ ರಾತ್ರಿಯ ವಸತಿಯನ್ನಾಗಲಿ ತಡಕ್ಕೆ ಪರಿಹಾರವನ್ನಾಗಲಿ ಕೊಡುವ ಹೊಣೆ ಕಂಪನಿಯ ಮೇಲಿಲ್ಲ. ತಪ್ಪಿಹೋದ ವಿಮಾನದ ಹಣವನ್ನಂತೂ ಹಡಗಿನವರು ತುಂಬಿಕೊಡುವುದಿಲ್ಲ.

ಆದ್ದರಿಂದ ನನ್ನ ಶಿಫಾರಸು ದ್ವೀಪ ಮೊದಲು, ನಗರ ಆಮೇಲೆ. ಅಥೆನ್ಸ್‌ಗೆ ಬಂದಿಳಿದ ರಾತ್ರಿಯನ್ನು ಪಿರೇಯಸ್‌ನಲ್ಲಿಯೋ ಮೆಟ್ರೊ ಮಾರ್ಗದ ಬದಿಯಲ್ಲಿಯೋ ಕಳೆದು ಮರುದಿನ ಬೆಳಗ್ಗೆ ಹಡಗು ಹತ್ತಬೇಕು. ಆರು ರಾತ್ರಿಗಳು ಇದ್ದವರಿಗೆ ಆ ಒಂದು ರಾತ್ರಿ, ನಾಕ್ಸೊಸ್‌ನಲ್ಲಿ ಮೂರು ರಾತ್ರಿ, ಕೊನೆಗೆ ಅಥೆನ್ಸ್‌ನಲ್ಲಿ ಎರಡು ರಾತ್ರಿ ಎಂಬ ಹಂಚಿಕೆ ಒಪ್ಪುತ್ತದೆ. ಗಾಳಿಯಿಂದಾಗಿ ಒಂದು ದಿನ ತಡವಾದರೂ ಕಡಿತವಾಗುವುದು ನಗರದ ಭಾಗ, ವಿಮಾನಕ್ಕೆ ಕುತ್ತು ಬರುವುದಿಲ್ಲ. ಅಥೆನ್ಸ್‌ನ ಬೆಟ್ಟದ ಮೇಲಿನ ಪ್ರಾಚೀನ ದೇಗುಲಗಳ ತಾಣವಾದ ಆಕ್ರೊಪೊಲಿಸ್‌ನ ಟಿಕೆಟ್ ಕೊಳ್ಳುವಾಗಲೂ ಇದನ್ನು ಗಮನದಲ್ಲಿಡಬೇಕು: 2023ರಿಂದ ಅಲ್ಲಿ ದಿನಕ್ಕೆ 20,000 ಜನರ ಮಿತಿ ಇದೆ, ಪ್ರವೇಶ ನಿಗದಿತ ಗಂಟೆಗೆ ಕಟ್ಟುಬಿದ್ದದ್ದು, 2025ರ ಏಪ್ರಿಲ್‌ನಿಂದ ಟಿಕೆಟ್ ಬೆಲೆ 30 ಯೂರೊ. ಹಡಗಿನಿಂದ ಇಳಿಯುವ ದಿನದ ಸಂಜೆಗೆ ಅದನ್ನು ಕಾಯ್ದಿರಿಸದೆ ಮರುದಿನದ ಮೊದಲ ವೇಳೆಗೆ ಕಾಯ್ದಿರಿಸಿದರೆ ಬಿಸಿಲೂ ಕಡಿಮೆ, ಆತಂಕವೂ ಕಡಿಮೆ.

ಈ ಕ್ರಮದಿಂದ ಇನ್ನೊಂದು ಲಾಭವಿದೆ, ಅದನ್ನು ಪ್ರವಾಸ ಮಾರುವವರು ಹೇಳುವುದಿಲ್ಲ. ನಾಕ್ಸೊಸ್ ಅಮೃತಶಿಲೆಯ ದ್ವೀಪ. ಹಡಗು ಬಂದರಿಗೆ ತಿರುಗುವಾಗಲೇ ಎದುರಾಗುವ ಪೊರ್ತಾರಾ ಕ್ರಿಸ್ತಪೂರ್ವ ಆರನೆಯ ಶತಮಾನದಲ್ಲಿ ಆರಂಭಿಸಿ ಅರ್ಧಕ್ಕೆ ನಿಂತ ದೇವಾಲಯದ ಬಾಗಿಲು. ಗುಡಿ ಇಲ್ಲ, ಬಾಗಿಲುವಾಡ ಮಾತ್ರ ಕಡಲಿಗೆ ಮುಖ ಮಾಡಿ ನಿಂತಿದೆ. ದ್ವೀಪದ ಉತ್ತರದ ಅಪೊಲೊನಾಸ್ ಬಳಿ ಗಣಿಯಲ್ಲಿಯೇ ಕೆತ್ತಿ ಮುಗಿಸದೆ ಬಿಟ್ಟ, ಹತ್ತು ಮೀಟರಿಗೂ ಉದ್ದದ ವಿಗ್ರಹ ಇಂದಿಗೂ ಮಲಗಿದೆ. ಇವನ್ನು ಕಂಡು ಬಂದವರು ಅಥೆನ್ಸ್‌ನ ರಾಷ್ಟ್ರೀಯ ಪುರಾತತ್ವ ವಸ್ತುಸಂಗ್ರಹಾಲಯದಲ್ಲಿ, ನಾಕ್ಸೊಸ್‌ಗೆ ಹತ್ತಿರದ ಕೇರೊಸ್ ಎಂಬ ಕಿರುದ್ವೀಪದಲ್ಲಿ ಸಿಕ್ಕ ವೀಣಾವಾದಕನ ಅಮೃತಶಿಲೆಯ ಪುಟ್ಟ ಪ್ರತಿಮೆಯ ಮುಂದೆ ನಿಂತಾಗ ಅದು ಎಲ್ಲಿಂದ ಬಂದಿತು, ಯಾವ ಬೆಳಕಿನಲ್ಲಿ ಕೆತ್ತಲ್ಪಟ್ಟಿತು ಎಂದು ಯಾರೂ ವಿವರಿಸಬೇಕಾಗಿಲ್ಲ. ನಗರವನ್ನು ಮೊದಲು ನೋಡಿದವರಿಗೆ ಅದು ಗಾಜಿನ ಹಿಂದಿನ ಇನ್ನೊಂದು ವಸ್ತು.

ಎಲ್ಲರಿಗೂ ಈ ಸೇವೆ ಒಪ್ಪುವುದಿಲ್ಲ. ಸ್ಯಾಂಟೊರಿನಿಯೇ ಬೇಕೆನ್ನುವವರಿಗೆ ಇದೇ ಬಗೆಯ ಹಡಗು ಏಳೂವರೆ ಎಂಟು ಗಂಟೆ ತೆಗೆದುಕೊಳ್ಳುತ್ತದೆ; ಅಲ್ಲಿ ನನ್ನ ಅರ್ಧ ದಿನದ ವಾದ ಕುಸಿದು ಬೀಳುತ್ತದೆ, ವಿಮಾನವೇ ಸರಿ. ಕೈಯಲ್ಲಿರುವುದು ಒಟ್ಟು ನಾಲ್ಕು ರಾತ್ರಿಗಳಾದರೆ ನಾಕ್ಸೊಸ್ ಆಸೆಯನ್ನೂ ಬಿಡುವುದು ಲೇಸು. ಅಂಥವರು ಅಥೆನ್ಸ್‌ನಲ್ಲಿಯೇ ತಂಗಿ, ಅದೇ ಪಿರೇಯಸ್‌ನಿಂದ ವೇಗದ ದೋಣಿಯಲ್ಲಿ ನಲವತ್ತು ನಿಮಿಷದ ಏಜಿನಾ ದ್ವೀಪಕ್ಕೆ ಹೋಗಿ, ಅಫಾಯಾ ದೇವಾಲಯವನ್ನೂ ಪಿಸ್ತಾ ತೋಟಗಳನ್ನೂ ನೋಡಿ ಸಂಜೆಗೆ ಮರಳಬಹುದು. ಕಾರುಗಳಿಲ್ಲದ ಹೈಡ್ರಾ ಒಂದೂವರೆ ಎರಡು ಗಂಟೆಯ ದೂರದಲ್ಲಿದೆ. ಅಲ್ಲಿ ಒಂದು ರಾತ್ರಿ ಉಳಿದರೂ ನಗರದ ಲೆಕ್ಕ ಹೆಚ್ಚು ಕೆಡುವುದಿಲ್ಲ.

ಹಿಂದಿರುಗುವ ಹಡಗಿನ ಆಯ್ಕೆಯಲ್ಲಿ ಒಂದು ಎಚ್ಚರಿಕೆ. ಬೇಸಿಗೆಯಲ್ಲಿ ನಾಕ್ಸೊಸ್‌ನಿಂದ ಬೆಳಗಿನ ಹಡಗೂ ಇರುತ್ತದೆ, ಸಂಜೆಯದೂ ಇರುತ್ತದೆ. ಸಂಜೆಯದನ್ನು ಹಿಡಿದರೆ ದ್ವೀಪದಲ್ಲಿ ಇನ್ನೊಂದು ಪೂರ್ತಿ ಹಗಲು ಸಿಗುತ್ತದೆ, ಆದರೆ ಪಿರೇಯಸ್ ತಲುಪುವಾಗ ನಡುರಾತ್ರಿ ಸಮೀಪಿಸಿರುತ್ತದೆ. ತಡವಾದರೆ ಮೆಟ್ರೊ ನಿಂತಿರುತ್ತದೆ, ಟ್ಯಾಕ್ಸಿಗಳ ಮುಂದೆ ಹಡಗಿನಷ್ಟೇ ಜನ ಇರುತ್ತಾರೆ. ಮಕ್ಕಳು ಅಥವಾ ಹಿರಿಯರು ಜೊತೆಯಲ್ಲಿದ್ದರೆ ಬೆಳಗಿನ ಹಡಗನ್ನೇ ಹಿಡಿಯಿರಿ. ಒಬ್ಬರೇ ಇದ್ದು ಹೆಗಲ ಚೀಲ ಮಾತ್ರ ಇದ್ದರೆ ಸಂಜೆಯದು, ಅದಕ್ಕೂ ಮುಂಚೆ ಆ ರಾತ್ರಿ ಎಷ್ಟು ತಡವಾದರೂ ಬಾಗಿಲು ತೆರೆಯುವ ಹೋಟೆಲನ್ನು ಕಾಯ್ದಿರಿಸಿಕೊಂಡಿರಿ.